ಒಂದೇ ಸಾಲಿನ ನಡತೆ ವರದಿ: ಗೃಹ ಸಚಿವರಿಗೂ ಪೊಲೀಸ್ ಮಹಾನಿರ್ದೇಶಕರಿಗೂ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಗೃಹ ಸಚಿವರು, ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು
ಮಾನ್ಯ ಪೊಲೀಸ್ ಮಹಾನಿರ್ದೇಶಕರು ಮತ್ತು ಮಹಾನಿರೀಕ್ಷಕರು, ನೃಪತುಂಗ ರಸ್ತೆ, ಬೆಂಗಳೂರು

ವಿಷಯ: ಪೊಲೀಸ್ ಹುದ್ದೆಗಳಿಗೆ ಆಯ್ಕೆಯಾಗುವ ಅಭ್ಯರ್ಥಿಗಳ ನಡತೆ ಮತ್ತು ಪೂರ್ವಾಪರ ಪರಿಶೀಲನೆ ಕುರಿತು

ಮಾನ್ಯರೇ,

1984ರಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ, ಉತ್ತರ ಕರ್ನಾಟಕದ ಎರಡು ಜಿಲ್ಲೆಗಳ ಹಲವು ಠಾಣೆಗಳಲ್ಲಿ ಕೆಲಸ ಮಾಡಿ, 2022ರಲ್ಲಿ ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್) ಆಗಿ ನಿವೃತ್ತನಾದವನು ನಾನು. ಸೇವೆಯ ಕೊನೆಯ ಹದಿನೈದು ವರ್ಷಗಳಲ್ಲಿ ನಾನಿದ್ದ ಠಾಣೆಗಳಿಗೆ ಬರುತ್ತಿದ್ದ ಉದ್ಯೋಗ ಪರಿಶೀಲನೆಯ ಕಡತಗಳು ಹೆಚ್ಚಾಗಿ ನನ್ನ ಮೇಜಿಗೇ ಬರುತ್ತಿದ್ದವು. ಅದಕ್ಕೆ ಕಾರಣ ನನ್ನ ವಿಶೇಷ ಅರ್ಹತೆಯೇನಲ್ಲ, ಅಕ್ಷರ ದುಂಡಗಿತ್ತು, ಅಷ್ಟೇ. ಶಿಕ್ಷಕರು, ಗ್ರಾಮ ಲೆಕ್ಕಾಧಿಕಾರಿಗಳು, ಬ್ಯಾಂಕಿನವರು, ಸೈನ್ಯಕ್ಕೆ ಸೇರುವವರು, ಇವರೆಲ್ಲರ ಕಡತಗಳ ನಡುವೆ ನಮ್ಮದೇ ಇಲಾಖೆಗೆ ಆಯ್ಕೆಯಾದ ಹುಡುಗ ಹುಡುಗಿಯರ ಕಡತಗಳೂ ಇರುತ್ತಿದ್ದವು. ಅವಕ್ಕೆ ಬೇರೆ ಬಣ್ಣದ ಚೀಟಿಯಾಗಲಿ, ಬೇರೆ ನಮೂನೆಯಾಗಲಿ ಇರಲಿಲ್ಲ. ನಾಳೆ ಒಬ್ಬ ಮನುಷ್ಯನನ್ನು ಹಿಡಿದು ಲಾಕಪ್ಪಿಗೆ ಹಾಕುವ ಅಧಿಕಾರ ಪಡೆಯುವವನ ನಡತೆಗೂ, ಕಚೇರಿಯಲ್ಲಿ ಕೂತು ಲೆಕ್ಕ ಬರೆಯುವವನ ನಡತೆಗೂ ನಾವು ಬರೆಯುತ್ತಿದ್ದದ್ದು ಒಂದೇ ಸಾಲು. ಆ ಸಾಲಿನ ಬಗ್ಗೆಯೇ ಈ ಪತ್ರ.

ಸಾಲು ಹೀಗಿರುತ್ತದೆ: ‘ಸದರಿಯವರ ಮೇಲೆ ಠಾಣೆಯಲ್ಲಿ ಯಾವುದೇ ಪ್ರಕರಣಗಳು ದಾಖಲಾಗಿರುವುದಿಲ್ಲ. ಸ್ಥಳೀಯವಾಗಿ ವಿಚಾರಿಸಲಾಗಿ ನಡತೆ ಉತ್ತಮವಾಗಿರುವುದಾಗಿ ತಿಳಿದುಬಂದಿರುತ್ತದೆ.’ ನೂರಾರು ಸಲ ಬರೆದು ಬರೆದು ಇದು ನನ್ನ ಕೈಗೆ ಕಂಠಪಾಠವಾಗಿತ್ತು. ಮೊದಲ ವಾಕ್ಯ ಕಂಪ್ಯೂಟರಿನಲ್ಲಿ ಹೆಸರು ಹಾಕಿ ನೋಡಿ ಬರೆದದ್ದು. ಎರಡನೆಯದು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಯಾರು ವಿಚಾರಿಸಿದರು, ಯಾರನ್ನು ವಿಚಾರಿಸಿದರು, ಎಲ್ಲಿ, ಯಾವ ದಿನ, ಅವರು ಹೇಳಿದ್ದೇನು, ಇದೊಂದಕ್ಕೂ ಉತ್ತರ ಕೊಡಬೇಕಾಗಿಲ್ಲದಂತೆ ‘ತಿಳಿದುಬಂದಿರುತ್ತದೆ’ ಎಂಬ ಪದ ನಮ್ಮನ್ನು ಕಾಪಾಡುತ್ತದೆ. ಎಫ್‌ಐಆರ್‌ನಲ್ಲಿ ಹೀಗೆ ಬರೆದರೆ ಸರ್ಕಲ್ ಸಾಹೇಬರು ಹಾಳೆ ಹರಿದು ಮುಖಕ್ಕೆ ಎಸೆಯುತ್ತಿದ್ದರು.

ಕೆಲಸ ನಡೆಯುವ ಬಗೆ ಇಲಾಖೆಯ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆದ್ದರಿಂದ ಹೇಳುತ್ತೇನೆ. ತಾತ್ಕಾಲಿಕ ಆಯ್ಕೆ ಪಟ್ಟಿ ಹೊರಬಿದ್ದ ಮೇಲೆ ಅಭ್ಯರ್ಥಿ ತುಂಬಿಕೊಟ್ಟ ನಮೂನೆಗಳು ಜಿಲ್ಲಾ ಎಸ್‌ಪಿ ಕಚೇರಿಯ ಮೂಲಕ ಠಾಣೆಗೆ ಬರುತ್ತವೆ. ಜೊತೆಗೆ ‘ತುರ್ತು’ ಎಂಬ ಮೊಹರು ಇರುತ್ತದೆ. ಅದೇ ವಾರ ಊರಲ್ಲಿ ಜಾತ್ರೆಯ ಬಂದೋಬಸ್ತ್, ಎರಡು ಸಮನ್ಸ್, ಒಂದು ಅಸಹಜ ಸಾವಿನ ಪಂಚನಾಮೆ, ಮಂತ್ರಿಗಳ ಪ್ರವಾಸ. ಹೀಗಾಗಿ ಅಭ್ಯರ್ಥಿಗೇ ಫೋನ್ ಹೋಗುತ್ತದೆ: ಆಧಾರ್ ನಕಲು, ಎರಡು ಫೋಟೊ, ಸಹಿ ಹಾಕಲು ಇಬ್ಬರು ನೆರೆಹೊರೆಯವರನ್ನು ಕರೆದುಕೊಂಡು ಠಾಣೆಗೆ ಬಾ. ತನ್ನ ನಡತೆಗೆ ಸಾಕ್ಷಿ ಹೇಳುವವರನ್ನು ಅಭ್ಯರ್ಥಿಯೇ ಆರಿಸಿ, ಬೈಕಿನ ಹಿಂದೆ ಕೂರಿಸಿಕೊಂಡು ಬರುತ್ತಾನೆ. ಬರುವಾಗ ಮಿಠಾಯಿ ಡಬ್ಬಿ ತರುವವರೂ ಇದ್ದಾರೆ. ಲಕೋಟೆ ತರುವವರೂ ಇದ್ದರು ಎಂಬುದನ್ನು ಮುಚ್ಚಿಟ್ಟು ಈ ಪತ್ರ ಬರೆದರೆ ಅದಕ್ಕೆ ಅರ್ಥವಿರುವುದಿಲ್ಲ. ‘ವೆರಿಫಿಕೇಷನ್ ಖರ್ಚು’ ಎಂದು ಅದಕ್ಕೊಂದು ಹೆಸರೇ ಇದೆ. ನಾನು ಚಹಾ ಕುಡಿದಿದ್ದೇನೆ, ಒಬ್ಬ ತಾಯಿ ತಂದುಕೊಟ್ಟ ಹಸಿ ಶೇಂಗಾದ ಚೀಲವನ್ನು ಬೇಡವೆನ್ನಲಾಗದೆ ಮನೆಗೊಯ್ದಿದ್ದೇನೆ. ಪೊಲೀಸನಾಗಲು ಹೊರಟ ಹುಡುಗ ಠಾಣೆಯಲ್ಲಿ ಕಲಿಯುವ ಮೊದಲ ಪಾಠ ಇದಾದರೆ, ಮುಂದೆ ತರಬೇತಿ ಶಾಲೆ ಏನು ಕಲಿಸೀತು?

ಇದೇ ಇಲಾಖೆ ಅಭ್ಯರ್ಥಿಯ ದೇಹವನ್ನು ಅಳೆಯುವುದನ್ನು ನೋಡಿದರೆ ಬೆರಗಾಗುತ್ತದೆ. ಪುರುಷ ಕಾನ್‌ಸ್ಟೇಬಲ್‌ಗೆ ಸಾಮಾನ್ಯವಾಗಿ 168 ಸೆಂಟಿಮೀಟರ್ ಎತ್ತರ, 86 ಸೆಂಟಿಮೀಟರ್ ಎದೆ ಸುತ್ತಳತೆ, ಉಸಿರು ತುಂಬಿದಾಗ 5 ಸೆಂಟಿಮೀಟರ್ ಹಿಗ್ಗಬೇಕು, 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕು. ಅರ್ಧ ಸೆಂಟಿಮೀಟರ್ ಕಡಿಮೆಯಾಗಿ ಮೈದಾನದಿಂದ ಅಳುತ್ತ ಹೋದ ಹುಡುಗರನ್ನು ನಾನು ಕಂಡಿದ್ದೇನೆ. ಅಷ್ಟು ನಿಷ್ಠುರವಾದ ಅಳತೆಪಟ್ಟಿ ನಡತೆಯ ವಿಚಾರಕ್ಕೆ ಬಂದಾಗ ಎಲ್ಲಿ ಹೋಗುತ್ತದೆ?

ಎರಡು ಕಡತಗಳನ್ನು ನಾನು ಮರೆತಿಲ್ಲ. ಒಂದು, ಎರಡು ಎಕರೆ ಹೊಲವಿದ್ದ ಮನೆಯ ಹುಡುಗನದು. ಅವನಿಗೆ ಹತ್ತೊಂಬತ್ತು ತುಂಬಿದ ವರ್ಷ ಬದುವಿನ ವಿಷಯಕ್ಕೆ ದೊಡ್ಡಪ್ಪನ ಮನೆಯವರಿಗೂ ಇವರಿಗೂ ಜಗಳವಾಗಿ, ಎರಡೂ ಕಡೆಯವರು ದೂರು ಕೊಟ್ಟು, ಕೇಸು, ಕೌಂಟರ್ ಕೇಸು ಎರಡೂ ದಾಖಲಾಗಿದ್ದವು. ಹಳ್ಳಿಯ ದಾಯಾದಿ ಜಗಳದಲ್ಲಿ ಮನೆಯ ಗಂಡಸರೆಲ್ಲರ ಹೆಸರನ್ನೂ ಸಾಲಾಗಿ ಬರೆಸುವುದು ವಾಡಿಕೆ. ಹೊಡೆತ, ಬೈಗುಳದಂಥ ಜಗಳಗಳಿಗೆ ಹಾಕುತ್ತಿದ್ದ ಐಪಿಸಿ 323, 504, ಸಹಿತ 34 ಎಂಬ ಕಲಂ ಸಂಖ್ಯೆಗಳು ಆಗ ನಮ್ಮ ಠಾಣೆಗಳಲ್ಲಿ ಮಗ್ಗಿಯಷ್ಟೇ ಪರಿಚಿತವಾಗಿದ್ದವು. ಹುಡುಗ ನಾಲ್ಕನೇ ಆರೋಪಿ. ಒಂದು ವರ್ಷದ ನಂತರ ಹಿರಿಯರು ಕೂಡಿಸಿ, ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಕಾನೂನಿನ ಪ್ರಕಾರ ರಾಜಿಯೆಂದರೆ ಖುಲಾಸೆಯಷ್ಟೇ ಸಮ. ಅವನು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಒಂದೇ ಸಲ. ಐದು ವರ್ಷಗಳ ಮೇಲೆ ಪೊಲೀಸ್ ಕೆಲಸಕ್ಕೆ ಆಯ್ಕೆಯಾಗಿ ನಮೂನೆ ತುಂಬುವಾಗ, ಮುಗಿದುಹೋದ ಕೇಸು ಎಂದುಕೊಂಡು ‘ಇಲ್ಲ’ ಎಂದು ಬರೆದ. ನಾನು ಕಂಪ್ಯೂಟರಿನಲ್ಲಿ ಕಂಡದ್ದನ್ನು ವರದಿ ಮಾಡಿದೆ. ಅದು ನನ್ನ ಕರ್ತವ್ಯವಾಗಿತ್ತು, ತಪ್ಪೆನ್ನಲಾರೆ. ಸತ್ಯ ಮರೆಮಾಚಿದ್ದಾನೆ ಎಂದು ಅವನ ಆಯ್ಕೆ ರದ್ದಾಯಿತು. ಅವನು ಠಾಣೆಗೆ ಬಂದು ಬೆಂಚಿನ ಮೇಲೆ ಕೂತಿದ್ದ. ತರಬೇತಿಗೆಂದು ಕೊಂಡಿದ್ದ ಹೊಸ ಬೂಟು ಹಾಕಿಕೊಂಡೇ ಬಂದಿದ್ದ. ‘ಸಾಹೇಬ್ರ, ಮುಗದ ಕೇಸು ಸೈತ ಬರೀಬೇಕಂತ ಯಾರೂ ಹೇಳಲಿಲ್ರೀ’ ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ಕಡತ ತಾಲ್ಲೂಕು ಕೇಂದ್ರದ ಒಂದು ಓಣಿಯದು. ಅಪರೂಪಕ್ಕೆ ಆ ದಿನ ನಾನೇ ಸ್ಥಳಕ್ಕೆ ಹೋಗಿದ್ದೆ. ಅಭ್ಯರ್ಥಿಯ ತಂದೆ ಊರಲ್ಲಿ ಮಾತು ನಡೆಯುವ ಮನುಷ್ಯ, ಕುರ್ಚಿ ಹಾಕಿ ಕೂರಿಸಿದರು. ಹೊರಡುವಾಗ ನಲ್ಲಿಯ ಹತ್ತಿರ ಕೊಡ ತುಂಬುತ್ತಿದ್ದ ಪೌರಕಾರ್ಮಿಕ ಹೆಣ್ಣುಮಗಳೊಬ್ಬಳು ಸುತ್ತ ನೋಡಿ, ದನಿ ತಗ್ಗಿಸಿ, ‘ಇವನ ಕೈಯಾಗ ಲಾಠಿ ಕೊಟ್ರ ನಾವು ಈ ಓಣಿ ಬಿಟ್ಟ ಹೋಗಬೇಕಾಗ್ತದರೀ’ ಎಂದಳು. ನೀರಿನ ಪಾಳಿಯ ವಿಷಯಕ್ಕೆ ಅವಳ ಮಗನನ್ನು ಪೈಪಿನಿಂದ ಹೊಡೆದಿದ್ದನಂತೆ. ಆಸ್ಪತ್ರೆಯ ಖರ್ಚು ಕೊಟ್ಟು ಮಾತು ಮುಗಿಸಿದ್ದರು, ದೂರು ದಾಖಲಾಗಿರಲಿಲ್ಲ. ನಾನು ಠಾಣೆಗೆ ಮರಳಿ ನಮೂನೆ ತೆಗೆದೆ. ಅವಳ ಮಾತು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಜಾಗವಿದ್ದಿದ್ದರೆ ಬರೆಯುತ್ತಿದ್ದೆನೇ ಎಂದು ಕೇಳಿದರೆ, ಆಗಿನ ನನ್ನ ಮೇಲೆ ನನಗೇ ಅಷ್ಟು ಭರವಸೆಯಿಲ್ಲ. ಕಂಠಪಾಠದ ಸಾಲನ್ನೇ ಬರೆದು ಸಹಿ ಮಾಡಿದೆ. ಆರು ವರ್ಷಗಳ ನಂತರ, ಬೀದಿ ವ್ಯಾಪಾರಿಯೊಬ್ಬನನ್ನು ಠಾಣೆಗೆ ಕರೆತಂದು ಥಳಿಸಿದ್ದಕ್ಕೆ ಅದೇ ಯುವಕ ಅಮಾನತಾದ ಸುದ್ದಿ ಪತ್ರಿಕೆಯಲ್ಲಿ ಬಂತು. ಸುದ್ದಿಯಲ್ಲಿ ನನ್ನ ಹೆಸರಿರಲಿಲ್ಲ. ಅವನ ಸೇವಾ ಕಡತದ ಮೊದಲ ಪುಟಗಳಲ್ಲಿ ನನ್ನ ದುಂಡಕ್ಷರ ಮಾತ್ರ ಇರಲೇಬೇಕು.

ಮಾನ್ಯರೇ, ಈ ಎರಡು ಕಡತಗಳ ನಡುವೆ ನಮ್ಮ ಪರಿಶೀಲನಾ ಪದ್ಧತಿಯ ಪೂರ್ತಿ ಕಥೆ ಇದೆ ಎಂಬುದು ನನ್ನ ತಿಳಿವಳಿಕೆ. ನಾವು ಹುಡುಕುವುದು ಕ್ರೈಂ ನಂಬರನ್ನು, ಅಂದರೆ ಠಾಣೆಯಲ್ಲಿ ಎಫ್‌ಐಆರ್ ದಾಖಲಾದಾಗ ಬೀಳುವ ಸಂಖ್ಯೆಯನ್ನು. ಅದು ಸಿಕ್ಕವನು, ಕಾರಣವೇನೇ ಇರಲಿ, ಸಿಕ್ಕಿಬಿದ್ದ. ದುಡ್ಡು, ಜಾತಿ, ರಾಜಕೀಯದ ಬಲದಿಂದ ಕ್ರೈಂ ನಂಬರ್ ಬೀಳದಂತೆ ನೋಡಿಕೊಂಡವನು ‘ನಡತೆ ಉತ್ತಮ’ ಎನಿಸಿಕೊಂಡು ತರಬೇತಿ ಶಾಲೆಯ ಗೇಟು ದಾಟುತ್ತಾನೆ.

ಕ್ರೈಂ ನಂಬರನ್ನಾದರೂ ಸರಿಯಾಗಿ ಹುಡುಕುತ್ತೇವೆಯೇ ಎಂದರೆ, ಅದೂ ಇಲ್ಲ. ನಮ್ಮ ಪೊಲೀಸ್ ಐಟಿ ತಂತ್ರಾಂಶ ದೇಶದ ಠಾಣೆಗಳ ದಾಖಲೆಗಳನ್ನು ಬೆಸೆಯುವ ಸಿಸಿಟಿಎನ್‌ಎಸ್ ಜಾಲಕ್ಕೆ ಸೇರಿ ಎಷ್ಟೋ ವರ್ಷಗಳಾಗಿದ್ದರೂ ಹುಡುಕಾಟ ನಿಂತಿರುವುದು ಹೆಸರಿನ ಮೇಲೆ. ಮಂಜುನಾಥ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಾಗಿ ಬರೆಯಬಹುದೆಂದು ಠಾಣೆಯ ಬರಹದ ಕೆಲಸ ನೋಡುವ ಯಾವ ರೈಟರನ್ನು ಕೇಳಿದರೂ ಹೇಳುತ್ತಾನೆ. ಇನ್ನು ವಿಳಾಸದ ಮಾತು. ಇವತ್ತು ಪೊಲೀಸ್ ಪರೀಕ್ಷೆ ಬರೆಯುವ ಹುಡುಗ ಊರಲ್ಲಿರುವುದಿಲ್ಲ. ಧಾರವಾಡದ ಸಪ್ತಾಪುರದಲ್ಲೋ, ಬೆಂಗಳೂರಿನ ವಿಜಯನಗರದಲ್ಲೋ ಕೋಚಿಂಗ್ ಸೇರಿ, ಪಿಜಿಯ ಒಂದು ಮಂಚದ ಮೇಲೆ ಮೂರು ನಾಲ್ಕು ವರ್ಷ ಕಳೆದಿರುತ್ತಾನೆ. ಕಡತ ಮಾತ್ರ ಅವನು ಜಾತ್ರೆ, ಹಬ್ಬಕ್ಕೆಂದು ಬಂದು ಹೋಗುವ ಊರಿನ ಠಾಣೆಗೆ ಹೋಗುತ್ತದೆ. ಹದಿನೆಂಟರಿಂದ ಇಪ್ಪತ್ತೈದರವರೆಗೆ, ಅಂದರೆ ಮನುಷ್ಯನ ಸ್ವಭಾವ ಬಲಿಯುವ ವರ್ಷಗಳಲ್ಲಿ ಅವನು ಹೇಗಿದ್ದ ಎಂಬುದನ್ನು ಅವನನ್ನು ಕಾಣದವರಿಂದ ಬರೆಸಿಕೊಳ್ಳುತ್ತೇವೆ. ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ವಾಸವಿದ್ದ ಪ್ರತಿಯೊಂದು ವಿಳಾಸವನ್ನೂ ಕೇಂದ್ರ ಸರ್ಕಾರದ ದೃಢೀಕರಣ ನಮೂನೆ ಕೇಳುತ್ತದೆ. ನಾವೂ ಕೇಳಿ, ಆಯಾ ಠಾಣೆಗೆ ಕಳಿಸಿ ಉತ್ತರ ಪಡೆಯುವುದು ಕಷ್ಟದ ಕೆಲಸವಲ್ಲ.

ಯಂತ್ರ ಮಾಡಬಹುದಾದದ್ದನ್ನು ಯಂತ್ರಕ್ಕೇ ಬಿಡಿ ಎಂಬುದು ನನ್ನ ಮೊದಲ ಕೋರಿಕೆ. ದೈಹಿಕ ಪರೀಕ್ಷೆಯ ದಿನವೇ ಅಭ್ಯರ್ಥಿಯ ಬೆರಳಚ್ಚು ಪಡೆದು, 2022ರಲ್ಲಿ ಬಂದ ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆ ನಾಫಿಸ್‌ನಲ್ಲಿ ಹೋಲಿಸಿ ನೋಡಬಹುದು. ಹೆಸರಿನ ಕಾಗುಣಿತದ ಗೊಂದಲ ಅಲ್ಲಿಗೆ ಬಹುಪಾಲು ಮುಗಿಯುತ್ತದೆ. ನ್ಯಾಯಾಲಯಗಳ ಜಾಲತಾಣ ಇ-ಕೋರ್ಟ್ಸ್‌ನಲ್ಲಿ ಪ್ರಕರಣದ ಈಗಿನ ಸ್ಥಿತಿ, ಆದೇಶದ ಪ್ರತಿ ಎರಡೂ ಸಿಗುತ್ತವೆ. ಎಸ್‌ಪಿ ಕಚೇರಿಯಲ್ಲಿ ಇಬ್ಬರು ಕೂತು ಇವನ್ನೆಲ್ಲ ನೋಡಿ ಮುಗಿಸಿದರೆ, ಠಾಣೆಯಿಂದ ಹೋಗುವ ಅಧಿಕಾರಿಗೆ ಉಳಿಯುವುದು ಮನುಷ್ಯನ ಬಗ್ಗೆ ವಿಚಾರಿಸುವ ಕೆಲಸ ಮಾತ್ರ.

ಅಲ್ಲಿಗೆ ಹೋದವನು ಯಾರನ್ನು ಕೇಳಬೇಕು? ಈ ಪ್ರಶ್ನೆಯನ್ನು ನಾನು ಬಹಳ ದಿನ ಯೋಚಿಸಿದ್ದೇನೆ, ಏಕೆಂದರೆ ಇಲ್ಲಿ ಎರಡೂ ಬದಿಗೆ ಅಪಾಯವಿದೆ. ನಾವು ಕೇಳುವುದು ಗೌಡರನ್ನು, ಪಂಚಾಯ್ತಿ ಸದಸ್ಯರನ್ನು, ಅಂಗಡಿಯ ಸಾಹುಕಾರರನ್ನು. ಅವರ ಬಾಯಲ್ಲಿ ಒಳ್ಳೆಯವನಾಗುವುದು ಅವರ ಮನೆಯ ಹುಡುಗನಿಗೆ ಸುಲಭ. ಕೇರಿಯಿಂದ ಓದಿ ಮೇಲೆ ಬಂದ ಹುಡುಗ ಅವರ ಕಣ್ಣಲ್ಲಿ ‘ಸ್ವಲ್ಪ ಸೊಕ್ಕು’ ಇರುವವನಾಗುತ್ತಾನೆ. ಕೂಲಿ ಹೆಚ್ಚು ಕೇಳಿದ್ದೋ, ದೇವಸ್ಥಾನದ ಕಟ್ಟೆ ಹತ್ತಿದ್ದೋ ಅವನ ತಪ್ಪಾಗಿರುತ್ತದೆ. ಹಾಗೆಂದು ಸ್ಥಳೀಯ ವಿಚಾರಣೆಯನ್ನೇ ಕೈಬಿಟ್ಟರೆ, ನಲ್ಲಿಯ ಹತ್ತಿರ ದನಿ ತಗ್ಗಿಸಿ ಮಾತಾಡಿದ ಆ ಹೆಣ್ಣುಮಗಳ ಮಾತು ಎಂದೂ ದಾಖಲೆಗೆ ಬರುವುದಿಲ್ಲ. ನನಗೆ ತೋಚುವ ದಾರಿ ಇದು. ವಿಚಾರಿಸುವವನು ಅದೇ ಠಾಣೆಯವನಾಗಿರಬಾರದು. ಬೇರೆ ವೃತ್ತದ ಪಿಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯಾಗಿರಬೇಕು. ಅಭ್ಯರ್ಥಿ ಸೂಚಿಸದ ಕನಿಷ್ಠ ಐವರನ್ನು ಅವನು ಅವರವರ ಜಾಗದಲ್ಲೇ ಕಾಣಬೇಕು. ಅವರಲ್ಲಿ ಇಬ್ಬರು ಹೆಂಗಸರಿರಬೇಕು, ಅಭ್ಯರ್ಥಿಯ ಜಾತಿಯವರಲ್ಲದವರು ಇರಬೇಕು, ಓದಿಸಿದ ಮೇಷ್ಟರೋ ಟೀಚರೋ ಒಬ್ಬರಿರಬೇಕು. ಕೇಳುವ ಪ್ರಶ್ನೆಯೂ ‘ಒಳ್ಳೆಯವನೇ?’ ಎಂಬುದಾಗಿರಬಾರದು. ಆ ಪ್ರಶ್ನೆಗೆ ನಮ್ಮ ಜನ ‘ಹೌದು ಸ್ವಾಮಿ’ ಎಂದೇ ಹೇಳುತ್ತಾರೆ, ಖಾಕಿ ಎದುರಿಗಿದ್ದಾಗಲಂತೂ ಬೇರೆ ಹೇಳುವುದೇ ಇಲ್ಲ. ಸಿಟ್ಟು ಬಂದಾಗ ಏನು ಮಾಡಿದ್ದನ್ನು ನೋಡಿದ್ದೀರಿ, ಮನೆಯ ಹೆಂಗಸರ ಜೊತೆ, ತನಗಿಂತ ಬಡವರ ಜೊತೆ ಹೇಗೆ ಮಾತಾಡುತ್ತಾನೆ, ಕೈಗಡ ತೆಗೆದುಕೊಂಡ ಹಣವನ್ನು ಹಿಂದಿರುಗಿಸಿದ್ದಾನೆಯೇ, ಹೀಗೆ ಕಣ್ಣಿಂದ ಕಂಡದ್ದನ್ನು ಕೇಳಬೇಕು. ಕೇಳಿದ್ದನ್ನು ದಿನಾಂಕ, ಸ್ಥಳ ಸಹಿತ ಬರೆಯಬೇಕು. ಹೇಳಿದವರ ಹೆಸರು ಮುಚ್ಚಿದ ಲಕೋಟೆಯಲ್ಲಿ ಎಸ್‌ಪಿಯವರ ಬಳಿ ಮಾತ್ರ ಇರಬೇಕು, ಹೇಳಿದ ಮಾತಿನ ಸಾರ ಅಭ್ಯರ್ಥಿಗೆ ಸಿಗಬೇಕು. ಅವನಿಗೂ ಹೇಳುವುದಿರುತ್ತದೆ, ಓಣಿಯ ದ್ವೇಷವೂ ಸುಳ್ಳಲ್ಲ.

ಕೌಟುಂಬಿಕ ಹಿಂಸೆಯ ಬಗ್ಗೆ ಒಂದು ಮಾತು ಬಿಡಿಯಾಗಿ ಹೇಳಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಹೆಣ್ಣುಮಗಳು ನ್ಯಾಯಾಲಯಕ್ಕೆ ನೇರವಾಗಿ ಅರ್ಜಿ ಕೊಟ್ಟು ರಕ್ಷಣಾ ಆದೇಶ ಪಡೆದರೂ ಅದಕ್ಕೆ ಠಾಣೆಯಲ್ಲಿ ಕ್ರೈಂ ನಂಬರ್ ಇರುವುದಿಲ್ಲ. ಠಾಣೆಗೆ ಬಂದು ಅತ್ತು, ಮುಚ್ಚಳಿಕೆ ಬರೆಸಿಕೊಂಡು ಕಳಿಸಿದ ಅರ್ಜಿ ವಿಚಾರಣೆಗಳ ಕಥೆಯೂ ಇದೇ. ಹೆಂಡತಿಯನ್ನು ಹೊಡೆದವನು ನಾಳೆ ಠಾಣೆಯಲ್ಲಿ ಕೂತು, ಹೊಡೆಸಿಕೊಂಡು ಬಂದ ಇನ್ನೊಬ್ಬಳ ದೂರು ಬರೆದುಕೊಳ್ಳುತ್ತಾನೆ. ಅವನು ಏನು ಬರೆದಾನು, ಏನು ಬಿಟ್ಟಾನು ಎಂದು ನಾನು ವಿವರಿಸಬೇಕಾಗಿಲ್ಲ. ಈ ಆದೇಶಗಳನ್ನೂ ಅರ್ಜಿಗಳನ್ನೂ ಪರಿಶೀಲನೆಯ ವ್ಯಾಪ್ತಿಗೆ ತರಬೇಕು.

ಲಂಡನ್ನಿನಲ್ಲಿ ಆದದ್ದು ನಮಗೆ ದೂರದ ಸುದ್ದಿ, ಆದರೂ ಅದರಿಂದ ಕಲಿಯುವುದಿದೆ. 2021ರ ಮಾರ್ಚ್‌ನಲ್ಲಿ ಅಲ್ಲಿನ ಮೆಟ್ರೊಪಾಲಿಟನ್ ಪೊಲೀಸ್ ಪಡೆಯ ಸೇವೆಯಲ್ಲಿದ್ದವನೊಬ್ಬ ತನ್ನ ಪೊಲೀಸ್ ಗುರುತಿನ ಚೀಟಿಯನ್ನೇ ಬಳಸಿ ಯುವತಿಯೊಬ್ಬಳನ್ನು ಅಪಹರಿಸಿ ಕೊಂದ. ಆ ಮೇಲೆ ಅಲ್ಲಿನ ಪೊಲೀಸ್ ತಪಾಸಣಾ ಸಂಸ್ಥೆ ಹಲವು ಪಡೆಗಳ 725 ಪೂರ್ವಾಪರ ಪರಿಶೀಲನಾ ಕಡತಗಳನ್ನು ತೆರೆದು ನೋಡಿ, 131 ಕಡತಗಳಲ್ಲಿ ತೆಗೆದುಕೊಂಡ ನಿರ್ಧಾರ ಪ್ರಶ್ನಾರ್ಹವೆಂದು 2022ರ ನವೆಂಬರ್‌ನಲ್ಲಿ ಸಾರ್ವಜನಿಕವಾಗಿ ಹೇಳಿತು. ಅವರು ದೊಡ್ಡವರು ಎಂದು ಹೊಗಳಲು ಇದನ್ನು ಹೇಳುತ್ತಿಲ್ಲ. ಇಷ್ಟೆಲ್ಲ ಸೌಕರ್ಯವಿದ್ದೂ ಅವರು ಎಡವಿದ್ದರು. ಹಳೆಯ ಕಡತಗಳನ್ನು ತೆರೆದು ನೋಡಿದ ಆ ಒಂದು ಕ್ರಮ ನಮಗೆ ಬೇಕಾದದ್ದು. ಕಳೆದ ಹತ್ತು ವರ್ಷಗಳಲ್ಲಿ ಅಮಾನತು, ವಜಾ ಅಥವಾ ಲಂಚದ ಬಲೆಗೆ ಬಿದ್ದ ಸಿಬ್ಬಂದಿಯ ಪೈಕಿ ಐನೂರು ಮಂದಿಯ ಪರಿಶೀಲನಾ ವರದಿಗಳನ್ನು ಒಂದೆಡೆ ಇಟ್ಟು ಓದಿಸಿ. ಆ ಐನೂರರಲ್ಲೂ ನನ್ನ ಆ ಒಂದು ಸಾಲು ಬೇರೆ ಬೇರೆ ಕೈಬರಹದಲ್ಲಿ ಕಾಣಿಸುತ್ತದೆ ಎಂಬುದು ನನ್ನ ಊಹೆ.

545 ಪಿಎಸ್‌ಐ ಹುದ್ದೆಗಳ ಹಗರಣದ ನೆನಪು ಇನ್ನೂ ಹಸಿಯಾಗಿದೆ. 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆ, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯನ್ನೇ ಸಿಐಡಿ ಅದೇ ವರ್ಷದ ಜುಲೈನಲ್ಲಿ ಬಂಧಿಸಿತು. ಕೊನೆಗೆ ಹೈಕೋರ್ಟ್ ಆದೇಶದ ಮೇರೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ 2024ರ ಜನವರಿಯಲ್ಲಿ ಮರುಪರೀಕ್ಷೆ ನಡೆಸಿತು. ನ್ಯಾಯಾಲಯದಲ್ಲಿರುವ ವಿಷಯದಲ್ಲಿ ಯಾರು ತಪ್ಪಿತಸ್ಥರೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಆ ಅಕ್ರಮ ಬಯಲಾಗದೇ ಹೋಗಿದ್ದಿದ್ದರೆ ಆ ಪಟ್ಟಿಯ ಕಡತಗಳೂ ನಮ್ಮ ಮೇಜಿಗೆ ಬರುತ್ತಿದ್ದವು. ದುಡ್ಡು ಕೊಟ್ಟು ಹುದ್ದೆ ಕೊಂಡವನ ಮೇಲೂ ಕ್ರೈಂ ನಂಬರ್ ಇಲ್ಲವೆಂದು ನಾವು ‘ನಡತೆ ಉತ್ತಮ’ ಎಂದೇ ಬರೆದು ಕಳಿಸುತ್ತಿದ್ದೆವು. ಆ ಮನೆಯವರು ಇದ್ದಕ್ಕಿದ್ದಂತೆ ಹೊಲ ಮಾರಿದ್ದು, ಬಡ್ಡಿಗೆ ಹಣ ಎತ್ತಿದ್ದು ಊರಿಗೆಲ್ಲ ಗೊತ್ತಿದ್ದರೂ ನಮ್ಮ ನಮೂನೆ ಅದನ್ನು ಕೇಳುವುದಿಲ್ಲ. ಆಯ್ಕೆಯ ಹಿಂದಿನ ಎರಡು ವರ್ಷಗಳ ದೊಡ್ಡ ಸಾಲ ಮತ್ತು ಆಸ್ತಿ ಮಾರಾಟದ ಘೋಷಣೆಯನ್ನು, ಪಿಎಸ್‌ಐ ಹುದ್ದೆಗಾದರೂ ಕಡ್ಡಾಯ ಮಾಡಬೇಕು.

ಇನ್ನು ಕ್ರೈಂ ನಂಬರ್ ಇರುವವರ ವಿಷಯ. ಇಲ್ಲಿ ಸುಪ್ರೀಂ ಕೋರ್ಟ್ ದಾರಿ ತೋರಿಸಿದೆ, ನಡೆಯಬೇಕಾದವರು ನಾವು. 2016ರ ಜುಲೈನಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಅಭ್ಯರ್ಥಿ ಕೊಡುವ ಮಾಹಿತಿ ನಿಜವಿರಬೇಕು, ಆದರೆ ನಮೂನೆಯ ಪ್ರಶ್ನೆ ಸ್ಪಷ್ಟವಾಗಿರಬೇಕು, ಕೇಳದೇ ಇದ್ದದ್ದನ್ನು ಹೇಳಲಿಲ್ಲವೆಂದು ಶಿಕ್ಷಿಸುವಂತಿಲ್ಲ, ಮರೆಮಾಚಿದ ಎನ್ನುವ ಮೊದಲು ಆ ಸಂಗತಿ ಅವನಿಗೆ ತಿಳಿದಿತ್ತೇ ಎಂದು ನೋಡಬೇಕು, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾದರೆ ಕೆಲಸ ಕೊಡುವವರು ವಿವೇಚನೆಯಿಂದ ಅದನ್ನು ಕಡೆಗಣಿಸಬಹುದು, ಹಾಗೆಯೇ, ಗಂಭೀರ ಅಪರಾಧದಲ್ಲಿ ತಾಂತ್ರಿಕ ಕಾರಣಕ್ಕೆ ಖುಲಾಸೆಯಾದವನನ್ನು ಸೇರಿಸಿಕೊಳ್ಳಲೇಬೇಕೆಂಬ ಬಲವಂತವೂ ಇಲ್ಲ. ದೆಹಲಿ ಪೊಲೀಸರ ಮೆಹರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಅದೇ ನ್ಯಾಯಾಲಯ, ಶಿಸ್ತಿನ ಪಡೆಗೆ ಸೇರುವವರ ವಿಷಯದಲ್ಲಿ ಪರಿಶೀಲನಾ ಸಮಿತಿ ಕಟ್ಟುನಿಟ್ಟಾಗಿರುವುದನ್ನು ಎತ್ತಿಹಿಡಿದಿತ್ತು. ಅಂದರೆ ಕಾನೂನು ಇಲಾಖೆಯ ಕೈ ಕಟ್ಟಿಲ್ಲ, ತಲೆ ಉಪಯೋಗಿಸಿ ಎಂದಿದೆ. ಅವತಾರ್ ಸಿಂಗ್ ತೀರ್ಪನ್ನು ನಾನು ಮೊದಲ ಸಲ ಓದಿದ್ದು ನಿವೃತ್ತಿಯ ನಂತರ, ವಕೀಲರಾಗಿರುವ ನನ್ನ ಅಳಿಯನ ಮನೆಯಲ್ಲಿ. ಅದರ ಸಾರಾಂಶವನ್ನು ಠಾಣೆಯಲ್ಲಿದ್ದಾಗ ಯಾರಾದರೂ ಕೈಗೆ ಕೊಟ್ಟ ನೆನಪು ನನಗಿಲ್ಲ.

ಬಂಧನ, ಅಭಿಯೋಜನೆ, ದಂಡನೆ, ಮುಚ್ಚಳಿಕೆ, ಡಿಬಾರ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕೇಳಿ ‘ಹೌದು/ಇಲ್ಲ’ ಎಂದು ಬರೆಸಿಕೊಳ್ಳುವ ಪ್ರಶ್ನೆಯನ್ನು ದಯವಿಟ್ಟು ಒಡೆಯಿರಿ. ‘ನಿಮ್ಮ ಹೆಸರು ಯಾವುದಾದರೂ ಎಫ್‌ಐಆರ್‌ನಲ್ಲಿ ಇತ್ತೇ? ರಾಜಿಯಾಗಿದ್ದರೂ, ಬಿ ರಿಪೋರ್ಟ್ (ಸಾಕ್ಷ್ಯವಿಲ್ಲವೆಂದು ಪೊಲೀಸರು ಕೇಸು ಮುಗಿಸುವ ವರದಿ) ಆಗಿದ್ದರೂ, ಖುಲಾಸೆಯಾಗಿದ್ದರೂ ಬರೆಯಿರಿ. ಬರೆದ ಮಾತ್ರಕ್ಕೆ ನಿಮ್ಮ ಆಯ್ಕೆ ರದ್ದಾಗುವುದಿಲ್ಲ, ಮುಚ್ಚಿಟ್ಟರೆ ರದ್ದಾಗಬಹುದು’ ಎಂದು ಆಡುವ ಕನ್ನಡದಲ್ಲಿ ಅಚ್ಚು ಮಾಡಿಸಿ. ಈ ನಾಲ್ಕು ಸಾಲು ಇದ್ದಿದ್ದರೆ ಹೊಸ ಬೂಟಿನ ಆ ಹುಡುಗ ಇಂದು ಹೆಡ್ ಕಾನ್‌ಸ್ಟೇಬಲ್ ಆಗಿರುತ್ತಿದ್ದ. ಈಗ ಅವನು ಹುಬ್ಬಳ್ಳಿಯಲ್ಲಿ ಗೂಡ್ಸ್ ಗಾಡಿ ಓಡಿಸುತ್ತಾನೆ. ಅದರ ಜೊತೆಗೆ, ಹದಿನೆಂಟು ತುಂಬುವ ಮೊದಲಿನ ಪ್ರಕರಣಗಳನ್ನು ನಮೂದಿಸಬೇಕಾಗಿಲ್ಲ ಎಂದೂ ಸ್ಪಷ್ಟಪಡಿಸಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ, ಮುಕ್ತಾಯವಾದ ಪ್ರಕರಣದಲ್ಲಿ ಮಗುವಿನ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸುವುದನ್ನೇ ನಿಷೇಧಿಸಿದೆ. ಇದು ತಿಳಿಯದೆ ಬರೆದು ಕಳಿಸುವ ಸಿಬ್ಬಂದಿ ಇದ್ದಾರೆ. ಬೇರೆಯವರ ಮಾತೇಕೆ, ಹೊಸ ಕಾಯ್ದೆ ಬಂದ ಮೊದಲ ವರ್ಷಗಳಲ್ಲಿ ನನಗೂ ಇದು ತಿಳಿದಿರಲಿಲ್ಲ.

ಚಳವಳಿಯ ಪ್ರಕರಣಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. 2016ರ ಜುಲೈನಲ್ಲಿ ಮಹದಾಯಿ ನೀರಿಗಾಗಿ ನಡೆದ ಹೋರಾಟದ ಕಾಲದಲ್ಲಿ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಊರಿನವರನ್ನು ಥಳಿಸಿದ್ದನ್ನು ನಮ್ಮ ಭಾಗದವರು ಮರೆತಿಲ್ಲ. ಗಲಾಟೆಯಾದಾಗ ‘ಮತ್ತು ಇತರರು’ ಎಂದು ಬರೆದು, ಆಮೇಲೆ ಕೈಗೆ ಸಿಕ್ಕವರ ಹೆಸರು ಸೇರಿಸುವುದು ಹೇಗೆಂದು ಇಲಾಖೆಯ ನಮಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲಾರದು. ಅಪ್ಪನ ಜೊತೆ ರಸ್ತೆಯಲ್ಲಿ ಕೂತಿದ್ದ ಹುಡುಗನೂ, ಸಂದು ನೋಡಿ ಅಂಗಡಿ ದೋಚಿದವನೂ ಒಂದೇ ಕ್ರೈಂ ನಂಬರಿನಡಿ ಇರಬಹುದು. ಯಾರು ಯಾರು ಎಂದು ಬಿಡಿಸಿ ನೋಡಲು ದೋಷಾರೋಪಣೆ ಪಟ್ಟಿಯಲ್ಲಿ ಆ ವ್ಯಕ್ತಿಯ ಮೇಲೆ ನಿರ್ದಿಷ್ಟವಾಗಿ ಏನು ಹೇಳಿದೆ ಎಂಬುದನ್ನು ಓದಬೇಕು, ಓದಲು ಸಮಯವಿರುವವರು ಬೇಕು. ಪ್ರತಿ ವಲಯದಲ್ಲೂ ಐಜಿಪಿಯವರ ಅಧ್ಯಕ್ಷತೆಯಲ್ಲಿ, ಇಲಾಖೆಗೆ ಸೇರದ ಒಬ್ಬ ನಿವೃತ್ತ ನ್ಯಾಯಾಧೀಶರನ್ನೂ ಒಬ್ಬ ಮಹಿಳೆಯನ್ನೂ ಒಳಗೊಂಡ ಸಣ್ಣ ಸಮಿತಿ ಈ ಕೆಲಸ ಮಾಡಬಹುದು. ಆಯ್ಕೆ ರದ್ದು ಮಾಡುವ ಮೊದಲು ನೋಟಿಸು, ಹದಿನೈದು ದಿನಗಳ ಕಾಲಾವಕಾಶ, ಎದುರಿಗೆ ಕೂರಿಸಿ ಕೇಳುವ ಒಂದು ಅವಕಾಶ, ಆಮೇಲೆ ಕಾರಣ ಸಹಿತ ಆದೇಶ, ಇಷ್ಟು ಇದ್ದರೆ ಬಹಳಷ್ಟು ಮಂದಿ ಹೈಕೋರ್ಟಿಗೆ ಹೋಗುವ ಪ್ರಮೇಯವೇ ಬರುವುದಿಲ್ಲ. 2004ರಲ್ಲಿ ಕಾನ್‌ಸ್ಟೇಬಲ್ ಆಗಿ ಆಯ್ಕೆಯಾಗಿದ್ದ ಉತ್ತರ ಪ್ರದೇಶದ ಅಭ್ಯರ್ಥಿಯೊಬ್ಬರಿಗೆ ಸುಪ್ರೀಂ ಕೋರ್ಟಿನಿಂದ ಪರಿಹಾರ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ. ಇಪ್ಪತ್ತು ವರ್ಷ ಕಾದವನು ಲಾಠಿ ಹಿಡಿದು ಓಡುವ ವಯಸ್ಸಿನಲ್ಲಿರುತ್ತಾನೆಯೇ?

ಪರಿಶೀಲನೆ ಒಂದೇ ಸಲಕ್ಕೆ ಮುಗಿಯುವುದೂ ಸರಿಯಲ್ಲ. ಪರಿವೀಕ್ಷಣಾ ಅವಧಿ (ಪ್ರೊಬೇಷನ್) ಎಂಬುದು ಇರುವುದೇ ನೋಡಲಿಕ್ಕಾಗಿ. ಆ ಅವಧಿ ಮುಗಿಯುವ ಮುನ್ನ, ತರಬೇತಿ ಶಾಲೆಯವರಿಂದಲೂ ಮೊದಲು ಕೆಲಸ ಮಾಡಿದ ಠಾಣೆಯ ಸರಹದ್ದಿನ ಜನರಿಂದಲೂ ಎರಡನೇ ವರದಿ ತರಿಸಬೇಕು. ಈಗ ಅದು ಬಹುಮಟ್ಟಿಗೆ ಗೈರುಹಾಜರಿಯ ಲೆಕ್ಕವಾಗಿ ಉಳಿದಿದೆ. ಕರ್ನಾಟಕ ಪೊಲೀಸ್ ಕಾಯ್ದೆಯ 2012ರ ತಿದ್ದುಪಡಿಯ ನಂತರ ನಮ್ಮಲ್ಲಿ ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳಿವೆ. ಅಲ್ಲಿ ಆ ಸಿಬ್ಬಂದಿಯ ಮೇಲೆ ಬಂದ ದೂರುಗಳನ್ನೂ ಈ ವರದಿಗೆ ಜೋಡಿಸಬಹುದು.

ಇದಕ್ಕೆಲ್ಲ ಜನ ಎಲ್ಲಿದ್ದಾರೆ ಎಂದು ತಾವು ಕೇಳುತ್ತೀರಿ, ಆ ಕಷ್ಟ ನನಗೂ ಗೊತ್ತು. ನನ್ನಂಥ ನಿವೃತ್ತರನ್ನು ಬಳಸಿಕೊಳ್ಳಿ. ಅಭ್ಯರ್ಥಿಗೆ ಬಸ್ ಚಾರ್ಜನ್ನೂ ಕೇಳದಂತೆ ಭತ್ಯೆ ಕೊಟ್ಟು, ಬೇರೆ ತಾಲ್ಲೂಕಿಗೆ ಕಳಿಸಿ, ವರದಿಯ ಕೆಳಗೆ ಹೆಸರು ಬರೆಸಿ. ಆ ಹೆಸರು ಅಭ್ಯರ್ಥಿಯ ಸೇವಾ ಪುಸ್ತಕದಲ್ಲಿ ಅವನು ನಿವೃತ್ತನಾಗುವವರೆಗೂ ಇರಲಿ. ಮುಂದೊಂದು ದಿನ ತಾನು ಬರೆದದ್ದನ್ನು ತೆಗೆದು ಓದುವವರು ಇದ್ದಾರೆ ಎಂದು ಗೊತ್ತಿದ್ದರೆ, ‘ತಿಳಿದುಬಂದಿರುತ್ತದೆ’ ಎಂದು ಬರೆಯುವ ಮೊದಲು ಯಾರಾದರೂ ಎದ್ದು ಓಣಿಯ ನಲ್ಲಿಯವರೆಗೆ ಹೋಗಿ ಬಂದಾರು.

ನನ್ನ ಬಳಿ ಹಳೆಯ ಎರಡು ಡೈರಿಗಳಿವೆ. ಯಾವ ದಿನ ಯಾವ ಊರಿನ ಪರಿಶೀಲನೆಗೆ ಹೋಗಿದ್ದೆ, ಎಷ್ಟನ್ನು ಹೋಗದೆಯೇ ಬರೆದೆ ಎಂಬುದು ಅವುಗಳಲ್ಲಿ ಗುರುತಾಗಿದೆ. ಹೋಗದೆ ಬರೆದವಕ್ಕೆ ಕೆಂಪು ಶಾಯಿಯ ಚುಕ್ಕೆ ಇಟ್ಟಿದ್ದೆ. ಏಕೆ ಇಟ್ಟೆನೋ ಆಗ ನನಗೇ ತಿಳಿದಿರಲಿಲ್ಲ. ತಾವು ಈ ವಿಷಯಕ್ಕೆ ಸಮಿತಿಯೊಂದನ್ನು ಮಾಡಿದರೆ ಆ ಡೈರಿಗಳನ್ನು ಅದರ ಮುಂದೆ ಇಡಲು, ನನ್ನ ತಪ್ಪಿಗೆ ಉತ್ತರ ಹೇಳಲು ನಾನು ಸಿದ್ಧನಿದ್ದೇನೆ. ಮುಂದಿನ ಆಯ್ಕೆ ಪಟ್ಟಿಯ ಕಡತಗಳು ಠಾಣೆಗಳಿಗೆ ಹೋಗುವ ಮುನ್ನ ನಮೂನೆಯ ಆ ಒಂದು ಪ್ರಶ್ನೆಯನ್ನಾದರೂ ಬದಲಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಧೇಯ,
ನಿವೃತ್ತ ಎಎಸ್‌ಐ, ಕರ್ನಾಟಕ ರಾಜ್ಯ ಪೊಲೀಸ್